ನಮ್ಮೂರಿನ ಬಿಸಿಲು, ಗಾಳಿ, ನೀರಿನಿಂದ ಎಷ್ಟು ವಿದ್ಯುತ್ ಸಿಗುತ್ತದೆ? ಅಳೆಯುವುದು ಹೇಗೆ?

ಕರ್ನಾಟಕದ ಸೌರ ವಿದ್ಯುತ್ ಸಾಮರ್ಥ್ಯ 24.7 ಗಿಗಾವ್ಯಾಟ್ (ಒಂದು ಗಿಗಾವ್ಯಾಟ್ ಎಂದರೆ ಸಾವಿರ ಮೆಗಾವ್ಯಾಟ್) ಎಂಬ ಅಂಕಿಯನ್ನು ಸರ್ಕಾರಿ ವರದಿಗಳಲ್ಲೂ ಪತ್ರಿಕೆಗಳಲ್ಲೂ ವರ್ಷಗಳಿಂದ ಓದುತ್ತಾ ಬಂದಿದ್ದೇವೆ. ರಾಷ್ಟ್ರೀಯ ಸೌರಶಕ್ತಿ ಸಂಸ್ಥೆ ಕೊಟ್ಟ ಲೆಕ್ಕವಿದು. ರಾಜ್ಯದ ಬಂಜರು ಭೂಮಿಯಲ್ಲಿ ಶೇ 3ರಷ್ಟು ಜಾಗಕ್ಕೆ ಸೌರಫಲಕ ಹಾಸಿದರೆ ಎಂಬ ಊಹೆಯ ಮೇಲೆ ಅದು ನಿಂತಿದೆ. ಶೇ 3ರ ಬದಲು ಶೇ 6 ಎಂದುಕೊಂಡರೆ ಅಂಕಿ ದುಪ್ಪಟ್ಟಾಗುತ್ತದೆ, ಬಿಸಿಲು ಮಾತ್ರ ಇದ್ದಷ್ಟೇ ಇರುತ್ತದೆ. ಗಾಳಿಯ ಲೆಕ್ಕವೂ ಹೀಗೆಯೇ. ಚೆನ್ನೈನಲ್ಲಿರುವ ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯ ಪ್ರಕಾರ ನಮ್ಮ ರಾಜ್ಯದ ಪವನ ವಿದ್ಯುತ್ ಸಾಮರ್ಥ್ಯ ನೆಲದಿಂದ 120 ಮೀಟರ್ ಎತ್ತರದಲ್ಲಿ ಸುಮಾರು 124 ಗಿಗಾವ್ಯಾಟ್, 150 ಮೀಟರ್ ಎತ್ತರದಲ್ಲಿ ಸುಮಾರು 169 ಗಿಗಾವ್ಯಾಟ್. ಗೋಪುರ ಮೂವತ್ತು ಮೀಟರ್ ಮೇಲೇರಿದ್ದಕ್ಕೆ 45 ಗಿಗಾವ್ಯಾಟ್ ಹೆಚ್ಚಾಯಿತು.

ಈ ಅಂಕಿಗಳು ಸುಳ್ಳಲ್ಲ. ರಾಜ್ಯದ ಮಟ್ಟದಲ್ಲಿ ಯೋಜನೆ ಹಾಕುವವರಿಗೆ ಅವು ಬೇಕು. ಆದರೆ ಒಂದು ಗ್ರಾಮ ಪಂಚಾಯಿತಿಗೆ, ಮಲೆನಾಡಿನ ಅಡಿಕೆ ತೋಟದವರಿಗೆ, ಸಿಂಧನೂರಿನ ಅಕ್ಕಿ ಗಿರಣಿಯವರಿಗೆ ಅವುಗಳಿಂದ ಏನೂ ತಿಳಿಯುವುದಿಲ್ಲ. ಅವರ ಪ್ರಶ್ನೆ ಬೇರೆ: ನಮ್ಮ ಈ ಜಾಗದಲ್ಲಿ, ನಮಗೆ ಬೇಕಾದ ಹೊತ್ತಿನಲ್ಲಿ, ಎಷ್ಟು ಯೂನಿಟ್ (ಸಾವಿರ ವ್ಯಾಟ್ ಒಂದು ಗಂಟೆ ಹರಿದರೆ ಒಂದು ಯೂನಿಟ್) ಕೈಗೆ ಬರುತ್ತದೆ? ಇದಕ್ಕೆ ಉತ್ತರ ಹುಡುಕುವಾಗ ಪ್ರಕೃತಿಯಲ್ಲಿ ಇರುವುದೆಷ್ಟು, ಯಂತ್ರ ಹಿಡಿಯಬಲ್ಲದ್ದೆಷ್ಟು, ಖರ್ಚಿಗೆ ಗಿಟ್ಟುವುದೆಷ್ಟು, ಊರು ಒಪ್ಪುವುದೆಷ್ಟು ಎಂದು ಒಂದೊಂದೇ ಜರಡಿಯಲ್ಲಿ ಸೋಸುತ್ತಾ ಬರಬೇಕು. ಪ್ರತಿ ಜರಡಿಯಲ್ಲೂ ಅಂಕಿ ಇಳಿಯುತ್ತದೆ. ನಾನು ಇಲ್ಲಿ ಮುಖ್ಯವಾಗಿ ಒತ್ತಿ ಹೇಳಬೇಕೆಂದಿರುವುದು ಒಂದೇ ಮಾತು: ವರ್ಷದ ಸರಾಸರಿಯನ್ನು ನಂಬಿ ಯಂತ್ರ ಕೊಳ್ಳಬೇಡಿ, ವರ್ಷದ ಅತ್ಯಂತ ಬಡ ತಿಂಗಳು ಏನು ಕೊಡುತ್ತದೆ ಎಂದು ಮೊದಲು ನೋಡಿ.

ಇದು ಹೊಸ ಪಾಠವೂ ಅಲ್ಲ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಹರಿಯತೊಡಗಿತು. ಮಳೆಗಾಲದ ಕಾವೇರಿಯನ್ನು ಕಂಡವರಿಗೆ ಅಲ್ಲಿ ಶಕ್ತಿಗೆ ಬರವಿದೆ ಎನಿಸುವುದೇ ಇಲ್ಲ. ಆದರೆ ಬೇಸಿಗೆಯಲ್ಲಿ ನದಿ ಸೊರಗಿದಾಗ ಉತ್ಪಾದನೆಯೂ ಸೊರಗುತ್ತಿತ್ತು, ಗಣಿಯ ಯಂತ್ರಗಳಿಗೆ ಮಾತ್ರ ಹನ್ನೆರಡು ತಿಂಗಳೂ ವಿದ್ಯುತ್ ಬೇಕಿತ್ತು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ನೀರಾವರಿಯ ಜೊತೆಗೆ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಒಂದಾಗಿತ್ತು.

ಮೊದಲು ಬೇಕಾದದ್ದರ ಲೆಕ್ಕ

ಸಂಪನ್ಮೂಲ ಅಳೆಯಲು ಹೊರಡುವ ಮುನ್ನ ಯಾವ ಕೆಲಸಕ್ಕೆ ಎಷ್ಟು ವಿದ್ಯುತ್ ಬೇಕು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ದೀಪ, ಫ್ಯಾನ್, ಟಿವಿ, ಮೊಬೈಲ್, ಮಿಕ್ಸಿ ಇರುವ ಒಂದು ಸಾಧಾರಣ ಹಳ್ಳಿಮನೆಗೆ ದಿನಕ್ಕೆ ಎರಡು ಮೂರು ಯೂನಿಟ್ ಸಾಕು. ಐದು ಎಚ್‌ಪಿಯ ಪಂಪ್‌ಸೆಟ್ ಏಳು ಗಂಟೆ ಓಡಿದರೆ 26 ಯೂನಿಟ್ ಆಯಿತು. ಅಂದರೆ ಒಂದು ಪಂಪು ಹತ್ತು ಮನೆಗಳಿಗೆ ಸಮ. ಆದರೆ ಪಂಪು ಹಗಲು ಓಡಿದರೂ ನಡೆಯುತ್ತದೆ, ಮನೆಯ ದೀಪ ರಾತ್ರಿಯೇ ಉರಿಯಬೇಕು. ಎಷ್ಟು ಎಂಬುದರಷ್ಟೇ ಯಾವಾಗ ಎಂಬುದೂ ಮುಖ್ಯ.

ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ ಅನುಭವ ಇದಕ್ಕೆ ಒಳ್ಳೆಯ ಉದಾಹರಣೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನ ರೂಪಿಸಲು 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರವನ್ನು ಅಸ್ತ್ರ ಒಲೆಯ ಹೆಸರಿನಿಂದ ಬಹಳ ಜನ ಬಲ್ಲರು. ಪ್ರೊ. ಅಮೂಲ್ಯ ರೆಡ್ಡಿ ಅವರ ನೇತೃತ್ವದ ಈ ಕೇಂದ್ರ ಪುರದಲ್ಲಿ ಸಮುದಾಯ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದಾಗ ಮೊದಲ ಗುರಿ ಅಡುಗೆ ಅನಿಲವಾಗಿತ್ತು. ಆದರೆ ಎಲ್ಲ ಮನೆಗಳ ಒಲೆಗೆ ಸಾಲುವಷ್ಟು ಅನಿಲ ಹುಟ್ಟಲಿಲ್ಲ. ಊರಿನವರು ನಿಜವಾಗಿ ಬಯಸಿದ್ದು ಕುಡಿಯುವ ನೀರು ಎಂಬುದೂ ಹೊರಬಂತು. 1987ರ ಹೊತ್ತಿಗೆ ಅದೇ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು, ವಿದ್ಯುತ್ ತಯಾರಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೂ ಬೆಳಕನ್ನು ಮನೆಗಳಿಗೂ ಹರಿಸಲಾಯಿತು. ಸಗಣಿ ತಂದುಕೊಟ್ಟ ಮನೆಯವರಿಗೆ ಹಣ ಸಿಗುತ್ತಿತ್ತು, ಅನಿಲ ತೆಗೆದ ಮೇಲಿನ ಬಗ್ಗಡ ಗೊಬ್ಬರವಾಗಿ ಹಿಂದಿರುಗುತ್ತಿತ್ತು. ಅಡುಗೆಗೆ ಸಾಲದ ಅದೇ ಸಗಣಿ ನೀರು ಎತ್ತಲು ಸಾಕಾಯಿತು.

ಸಗಣಿಯ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಕೊಟ್ಟಿಗೆಯಲ್ಲೇ ಕಟ್ಟಿರುವ ಒಂದು ಹಸು ದಿನಕ್ಕೆ ಸುಮಾರು 10 ಕಿಲೋ ಸಗಣಿ ಹಾಕುತ್ತದೆ. ಕಿಲೋಗೆ 40 ಲೀಟರಿನಂತೆ 400 ಲೀಟರ್ ಅನಿಲ. ಸಣ್ಣ ಎಂಜಿನ್ನಿನಲ್ಲಿ ಒಂದು ಘನ ಮೀಟರಿಗೆ ಒಂದೂವರೆ ಯೂನಿಟ್ ಸಿಕ್ಕರೆ ಒಂದು ಹಸುವಿನಿಂದ ದಿನಕ್ಕೆ 0.6 ಯೂನಿಟ್. ನೂರು ಹಸುಗಳಿದ್ದರೂ 60 ಯೂನಿಟ್ಟೇ. ಅವು ಹಗಲೆಲ್ಲ ಮೇಯಲು ಹೋದರೆ ಅದರ ಅರ್ಧ ಹೊಲದಲ್ಲೇ ಉಳಿಯುತ್ತದೆ.

ಬಿಸಿಲು

ಅಳೆಯಲು ಎಲ್ಲಕ್ಕಿಂತ ಸುಲಭವಾದದ್ದು ಬಿಸಿಲು. ಕರ್ನಾಟಕದ ಹೆಚ್ಚಿನ ಭಾಗದಲ್ಲಿ ಒಂದು ಚದರ ಮೀಟರ್ ಸಮತಟ್ಟು ನೆಲಕ್ಕೆ ದಿನವೊಂದಕ್ಕೆ ಸರಾಸರಿ 5ರಿಂದ 6 ಯೂನಿಟ್‌ನಷ್ಟು ಸೌರಶಕ್ತಿ ಬೀಳುತ್ತದೆ. ಉಪಗ್ರಹ ಚಿತ್ರಗಳಿಂದ ತಯಾರಾದ ಗ್ಲೋಬಲ್ ಸೋಲಾರ್ ಅಟ್ಲಾಸ್ ಎಂಬ ನಕ್ಷೆ ಉಚಿತವಾಗಿ ಲಭ್ಯವಿದೆ. ನಿಮ್ಮ ಊರಿನ ಮೇಲೆ ಒತ್ತಿದರೆ ತಿಂಗಳುವಾರು ಅಂಕಿ ಬರುತ್ತದೆ. ಬಿಸಿಲು ಒಂದು ಊರಿಂದ ಪಕ್ಕದ ಊರಿಗೆ ಹೆಚ್ಚು ಬದಲಾಗದ ಕಾರಣ ಈ ನಕ್ಷೆಯನ್ನು ಬಹುಮಟ್ಟಿಗೆ ನಂಬಬಹುದು. ಒಂದು ಕಿಲೋವ್ಯಾಟ್ ಫಲಕದಿಂದ ದಿನಕ್ಕೆ ಸುಮಾರು 4 ಯೂನಿಟ್, ವರ್ಷಕ್ಕೆ 1,400ರಿಂದ 1,500 ಯೂನಿಟ್ ಎಂಬುದು ನಮ್ಮಲ್ಲಿ ಬಳಕೆಯಲ್ಲಿರುವ ಅಂದಾಜು.

ಬಿಸಿಲು ಚುರುಗುಟ್ಟಿದಷ್ಟೂ ವಿದ್ಯುತ್ ಹೆಚ್ಚು ಎಂದು ಜನ ಭಾವಿಸುತ್ತಾರೆ. ಫಲಕಕ್ಕೆ ಬೇಕಾದದ್ದು ಬೆಳಕು, ಬಿಸಿಯಲ್ಲ. ಫಲಕದ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. ಅದಕ್ಕಿಂತ ಮೇಲೆ ಪ್ರತಿ ಡಿಗ್ರಿಗೆ ಶೇ 0.3ರಿಂದ 0.4ರಷ್ಟು ಉತ್ಪಾದನೆ ಕುಗ್ಗುತ್ತದೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಫಲಕದ ಮೈ 60 ಡಿಗ್ರಿ ಮುಟ್ಟಿದರೆ ಶೇ 12ರಷ್ಟು ಅಲ್ಲೇ ಹೋಯಿತು.

ನಕ್ಷೆ ಹೇಳದ ಸಂಗತಿ ನೆರಳು. ಫಲಕದ ಒಂದು ಮೂಲೆಗೆ ನೀರಿನ ಟ್ಯಾಂಕಿನ ನೆರಳು ಬಿದ್ದರೂ ಅದರೊಂದಿಗೆ ಸರಣಿಯಲ್ಲಿ ಜೋಡಿಸಿದ ಉಳಿದ ಫಲಕಗಳ ಉತ್ಪಾದನೆಯೂ ಇಳಿಯಬಹುದು. ಬೆಂಗಳೂರಿನ ಅಕ್ಷಾಂಶದಲ್ಲಿ ಡಿಸೆಂಬರ್ 21ರ ನಡುಹಗಲು ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹತ್ತು ಅಡಿ ಎತ್ತರದ ಗೋಡೆ ಉತ್ತರಕ್ಕೆ ಸುಮಾರು ಏಳೂವರೆ ಅಡಿ ನೆರಳು ಚೆಲ್ಲುತ್ತದೆ. ಜೂನ್‌ನಲ್ಲಿ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುವುದರಿಂದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆದ್ದರಿಂದ ತಾರಸಿಯನ್ನು ಒಂದೇ ದಿನ ನೋಡಿ ತೀರ್ಮಾನಿಸಬಾರದು. ಬೆಳಿಗ್ಗೆ ಒಂಬತ್ತಕ್ಕೆ, ನಡುಹಗಲು, ಮಧ್ಯಾಹ್ನ ಮೂರಕ್ಕೆ ನೆರಳಿನ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದು, ಬೇರೆ ಬೇರೆ ಋತುಗಳಲ್ಲಿ ಹಾಗೆಯೇ ಮಾಡಿದರೆ ಯಾವ ಜಾಗ ಬಿಡಬೇಕು ಎಂಬುದು ನೆಲದ ಮೇಲೆಯೇ ಬರೆದಂತೆ ಕಾಣುತ್ತದೆ.

ಗಾಳಿ

ಗಾಳಿಯ ವಿಷಯದಲ್ಲಿ ಕಣ್ಣಂದಾಜು ಬಹಳ ದುಬಾರಿ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ: ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ವೇಗವನ್ನು ಶೇ 10ರಷ್ಟು ಹೆಚ್ಚು ಎಂದು ತಪ್ಪಾಗಿ ಬರೆದುಕೊಂಡರೆ ಶಕ್ತಿಯ ಲೆಕ್ಕ ಶೇ 33ರಷ್ಟು ಉಬ್ಬುತ್ತದೆ. ಸಾಲ ತೀರಿಸಲಾಗದ ಯೋಜನೆ ಹುಟ್ಟುವುದಕ್ಕೆ ಅಷ್ಟು ಸಾಕು.

ಬೆಂಗಳೂರಿನ ತಾರಸಿಯೊಂದರಲ್ಲಿ ಎರಡು ಮೀಟರ್ ವ್ಯಾಸದ ಪುಟ್ಟ ಗಾಳಿಯಂತ್ರ ನಿಲ್ಲಿಸಿದೆವು ಎಂದುಕೊಳ್ಳೋಣ. ರೆಕ್ಕೆಗಳು ಗುಡಿಸುವ ವಿಸ್ತೀರ್ಣ 3.14 ಚದರ ಮೀಟರ್. ನಗರ ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವುದರಿಂದ ಅಲ್ಲಿನ ಗಾಳಿಯೇ ತುಸು ತೆಳು, ಘನ ಮೀಟರಿಗೆ ಸುಮಾರು 1.06 ಕಿಲೋ. ವೇಗ ಸೆಕೆಂಡಿಗೆ 3 ಮೀಟರ್ ಇದ್ದರೆ ರೆಕ್ಕೆಗಳ ಮೂಲಕ ಹಾದುಹೋಗುವ ಶಕ್ತಿ 45 ವ್ಯಾಟ್. ಅದನ್ನೆಲ್ಲ ಹಿಡಿಯಲು ಬರುವುದಿಲ್ಲ. ಶೇ 59.3ಕ್ಕಿಂತ ಹೆಚ್ಚನ್ನು ಯಾವ ಯಂತ್ರವೂ ಹಿಡಿಯಲಾರದು ಎಂಬುದನ್ನು ಜರ್ಮನಿಯ ಆಲ್ಬರ್ಟ್ ಬೆಟ್ಸ್ ನೂರು ವರ್ಷಗಳ ಹಿಂದೆಯೇ ಗಣಿತದಿಂದ ತೋರಿಸಿದ್ದಾರೆ. ಸಣ್ಣ ಯಂತ್ರಕ್ಕೆ ಶೇ 30 ಸಿಕ್ಕರೆ ಒಳ್ಳೆಯದು. ಉಳಿದದ್ದು ಹದಿಮೂರು ಹದಿನಾಲ್ಕು ವ್ಯಾಟ್, ಅಂದರೆ ಒಂದು ಎಲ್‌ಇಡಿ ಬಲ್ಬು. ಅಷ್ಟೇ ವಿಸ್ತೀರ್ಣದ ಸೌರಫಲಕ ಅದೇ ತಾರಸಿಯಲ್ಲಿ ದಿನಕ್ಕೆ ಎರಡು ಯೂನಿಟ್ಟಿಗಿಂತ ಹೆಚ್ಚು ಕೊಡುತ್ತದೆ. ನಗರದ ಮನೆಗಳ ಮೇಲೆ ಗಾಳಿಯಂತ್ರ ಮಾರುವವರು ಈ ಗುಣಾಕಾರವನ್ನು ಗ್ರಾಹಕರ ಮುಂದೆ ಮಾಡಿ ತೋರಿಸಬೇಕು ಎಂದು ನಾನು ಬಯಸುತ್ತೇನೆ.

ಆದರೆ ಅದೇ ಘನದ ನಿಯಮ ಒಳ್ಳೆಯ ಗಾಳಿಯ ಜಾಗದಲ್ಲಿ ಕೈಹಿಡಿಯುತ್ತದೆ. ಅರ್ಧ ಹೊತ್ತು 4 ಮೀಟರ್, ಅರ್ಧ ಹೊತ್ತು 8 ಮೀಟರ್ ವೇಗದಲ್ಲಿ ಬೀಸುವ ಗಾಳಿಯ ಸರಾಸರಿ 6. ಸದಾ ಆರರಲ್ಲೇ ಬೀಸುವ ಗಾಳಿಗಿಂತ ಅದರಲ್ಲಿ ಮೂರನೇ ಒಂದರಷ್ಟು ಹೆಚ್ಚು ಶಕ್ತಿಯಿದೆ. ಸರಾಸರಿ ವೇಗವೊಂದನ್ನೇ ಕೇಳಿ ಸುಮ್ಮನಾಗದೆ ಯಾವ ವೇಗದ ಗಾಳಿ ಎಷ್ಟು ಗಂಟೆ ಬೀಸಿತು ಎಂಬ ಪಟ್ಟಿಯನ್ನು ಕೇಳಬೇಕಾದದ್ದು ಇದಕ್ಕಾಗಿಯೇ.

ಗದಗದ ಕಪ್ಪತಗುಡ್ಡ, ಚಿತ್ರದುರ್ಗದ ಜೋಗಿಮಟ್ಟಿಯ ಬೆನ್ನೇಣುಗಳ ಮೇಲೆ ಆಷಾಢದಲ್ಲಿ ನಿಂತವರಿಗೆ ಗಾಳಿಯಂತ್ರಗಳು ಅಲ್ಲೇ ಏಕೆ ಬಂದವು ಎಂದು ವಿವರಿಸಬೇಕಿಲ್ಲ. ಗುಡ್ಡದ ಏಣು ಗಾಳಿಯನ್ನು ಒತ್ತಿ ವೇಗ ಹೆಚ್ಚಿಸುತ್ತದೆ, ಅದೇ ಗುಡ್ಡದ ಹಿಂಬದಿಯ ತಗ್ಗಿನಲ್ಲಿ ಎಲೆಯೂ ಅಲ್ಲಾಡದಿರಬಹುದು. ಗ್ಲೋಬಲ್ ವಿಂಡ್ ಅಟ್ಲಾಸ್ ಸುಮಾರು 250 ಮೀಟರಿಗೊಂದು ಚೌಕದಂತೆ ವೇಗವನ್ನು ತೋರಿಸುತ್ತದೆ. ಯಾವ ಗುಡ್ಡಕ್ಕೆ ಹೋಗಬೇಕು ಎಂದು ಆರಿಸಲು ಅದು ಸಾಕು, ಹಣ ಹೂಡಲು ಸಾಲದು. ಒಂದೇ ದಿಕ್ಕಿಗೆ ವಾಲಿ ಬೆಳೆದ ಮರಗಳೂ ಒಳ್ಳೆಯ ಸುಳಿವು ಕೊಡುತ್ತವೆ. ಆಮೇಲೆ ವೇಗಮಾಪಕ ಹೊತ್ತ ಕಂಬವೊಂದನ್ನು ನಿಲ್ಲಿಸಿ ಕನಿಷ್ಠ ಒಂದು ವರ್ಷ ಅಳೆಯಲೇಬೇಕು. ಆಷಾಢದ ಆಸುಪಾಸಿನ ಮೂರು ತಿಂಗಳಷ್ಟೇ ಅಳೆದರೆ ಬರುವ ಅಂಕಿ ಕನಸಿನದು. ಸುತ್ತ ಮರ, ಕಟ್ಟಡವಿದ್ದರೆ ಅದರ ಎತ್ತರದ ಹತ್ತು ಪಟ್ಟಾದರೂ ದೂರ ಹೋಗಬೇಕು. ಹತ್ತು ಮೀಟರ್ ಎತ್ತರದ ಗಾಳಿ ನೂರು ಮೀಟರಿಗೇರಿದಾಗ ಬಯಲುಸೀಮೆಯಲ್ಲಿ ಸುಮಾರು ಶೇ 40 ಹೆಚ್ಚು ವೇಗ ಪಡೆಯುತ್ತದೆ ಎಂಬ ಸೂತ್ರವಿದ್ದರೂ ಗುಡ್ಡಗಾಡಿನಲ್ಲಿ ಅದನ್ನು ನಂಬುವಂತಿಲ್ಲ. ಯಂತ್ರದ ಗುಂಬ (ರೆಕ್ಕೆಗಳು ಸೇರುವ ನಡುಭಾಗ) ಬರುವ ಎತ್ತರಕ್ಕೆ ಆದಷ್ಟು ಹತ್ತಿರದಲ್ಲೇ ಅಳೆಯಬೇಕು.

ಅಳೆದ ಆ ಒಂದು ವರ್ಷ ಒಳ್ಳೆಯ ಗಾಳಿಯ ವರ್ಷವೋ ಕೆಟ್ಟದ್ದೋ ಎಂದು ತಿಳಿಯಲು ಹತ್ತಿಪ್ಪತ್ತು ವರ್ಷಗಳ ಹವಾಮಾನ ದಾಖಲೆಗಳೊಂದಿಗೆ ಹೋಲಿಸುತ್ತಾರೆ. ಬ್ಯಾಂಕಿನವರು ಪಿ-90 ಎಂಬ ಅಂಕಿ ಕೇಳುವುದು ಈ ಹಂತದಲ್ಲಿ. ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷವಾದರೂ ದಾಟುವ ಉತ್ಪಾದನೆ ಎಷ್ಟು ಎಂಬುದು ಅದರ ಅರ್ಥ. ಪಿ-50 ಎಂದರೆ ಅರ್ಧ ವರ್ಷಗಳಲ್ಲಿ ದಾಟುವುದು, ಇನ್ನರ್ಧ ವರ್ಷಗಳಲ್ಲಿ ಮುಟ್ಟದಿರುವುದು. ಮಾರಾಟದ ಹಾಳೆಯಲ್ಲಿ ಎರಡನೆಯದಷ್ಟೇ ಇದ್ದರೆ ಮೊದಲನೆಯದನ್ನು ಕೇಳಿ ಪಡೆಯಬೇಕು.

ನೀರು

ಮಲೆನಾಡಿನಲ್ಲಿ, ಕೊಡಗಿನಲ್ಲಿ, ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡದ ಘಟ್ಟದ ಮನೆಗಳಲ್ಲಿ ತೋಟದ ಮೇಲಿನ ಝರಿಯಿಂದ ಪೈಪು ಇಳಿಸಿ ಪುಟ್ಟ ಟರ್ಬೈನ್ ತಿರುಗಿಸುವವರು ಬಹಳ ಮಂದಿ ಇದ್ದಾರೆ. ಈ ಅಳತೆಗೆ ಬೇಕಾದ ಸಾಮಾನು ಪ್ರತಿ ಮನೆಯಲ್ಲೂ ಇರುತ್ತದೆ. ಝರಿಯ ನೀರನ್ನೆಲ್ಲ ಕಾಲುವೆಯಂಥ ಒಂದು ದೋಣಿಗೆ ತಿರುಗಿಸಿ 20 ಲೀಟರ್ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಮೊಬೈಲ್‌ನಲ್ಲಿ ನೋಡಿದರೆ ಹರಿವು ತಿಳಿಯುತ್ತದೆ. ಹಳ್ಳ ದೊಡ್ಡದಾದರೆ ನೇರವಾಗಿ ಹರಿಯುವ ಹತ್ತು ಮೀಟರ್ ಉದ್ದ ಗುರುತಿಸಿ, ಅಗಲ ಮತ್ತು ಆಳ ಅಳೆದು, ತೇಲುವ ಒಂದು ಬೆಂಡನ್ನು ಬಿಟ್ಟು ಸಮಯ ನೋಡಬೇಕು. ಮೇಲ್ಮೈಯ ನೀರು ತಳದ ನೀರಿಗಿಂತ ವೇಗವಾಗಿ ಓಡುವುದರಿಂದ, ಬಂದ ವೇಗವನ್ನು ಹಳ್ಳದ ತಳದ ಒರಟಿಗೆ ತಕ್ಕಂತೆ 0.6ರಿಂದ 0.85ರ ನಡುವಿನ ಸಂಖ್ಯೆಯಿಂದ ಗುಣಿಸುತ್ತಾರೆ.

ನೀರು ಇಳಿಯುವ ಎತ್ತರ ಅಳೆಯಲು ಗಾರೆ ಕೆಲಸದವರು ಮಟ್ಟ ಹಿಡಿಯುವ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಇಳಿಜಾರಿನಲ್ಲಿ ಆಳೆತ್ತರಕ್ಕೊಂದು ಗೂಟ ಹೊಡೆಯುತ್ತಾ ಇಳಿಯುವುದು. ಸ್ಪ್ರಿಂಕ್ಲರ್ ಪೈಪು ಆಗಲೇ ಹಾಸಿದ್ದರೆ ಇನ್ನೂ ಸುಲಭ. ಕೆಳತುದಿ ಮುಚ್ಚಿ ಒತ್ತಡಮಾಪಕ ಜೋಡಿಸಿದರೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ ಹತ್ತು ಮೀಟರ್ ಎತ್ತರಕ್ಕೆ ಸಮ.

ಈಗ ಲೆಕ್ಕ. ಬಕೆಟ್ 4 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 5 ಲೀಟರ್. ಎತ್ತರ 30 ಮೀಟರ್. ಇವೆರಡರ ಗುಣಲಬ್ಧವನ್ನು 9.81ರಿಂದ ಗುಣಿಸಿದರೆ 1,470 ವ್ಯಾಟ್. ಪೈಪಿನ ಘರ್ಷಣೆ, ಟರ್ಬೈನು, ಜನರೇಟರು ಎಲ್ಲ ಸೇರಿ ಅರ್ಧ ಕಳೆದರೆ 735 ವ್ಯಾಟ್. ಹಗಲೂ ರಾತ್ರಿ ಬರುವುದರಿಂದ ದಿನಕ್ಕೆ 17 ಯೂನಿಟ್ ಮೀರುತ್ತದೆ. ಐದಾರು ಮನೆಗಳಿಗೆ ಆರಾಮಾಗಿ ಸಾಕು. ಇದು ಆಗಸ್ಟಿನ ಮಾತು. ಏಪ್ರಿಲ್‌ನಲ್ಲಿ ಅದೇ ಬಕೆಟ್ ತುಂಬಲು 40 ಸೆಕೆಂಡ್ ಬೇಕಾದರೆ ಸಿಗುವುದು 73 ವ್ಯಾಟ್. ಆ ಹೊತ್ತಿಗೆ ತೋಟಕ್ಕೂ ಅದೇ ನೀರು ಬೇಕು, ಕೆಳಗಿನ ಮನೆಯವರಿಗೂ ಬೇಕು, ಹಳ್ಳದ ಮೀನು ಕಪ್ಪೆಗಳಿಗೂ ಬೇಕು. ಹಾಗಾಗಿ ತಿಂಗಳಿಗೊಮ್ಮೆಯಾದರೂ ಬಕೆಟ್ ಹಿಡಿದು ಗೋಡೆಯ ಕ್ಯಾಲೆಂಡರಿನಲ್ಲೇ ಸೆಕೆಂಡುಗಳನ್ನು ಬರೆದಿಡುವುದು ಯಾವ ತಜ್ಞರ ವರದಿಗೂ ಕಡಿಮೆಯಲ್ಲ. ಸಣ್ಣ ಝರಿಗಳ ಹರಿವಿಗೆ ಬೇರೆಲ್ಲೂ ದಾಖಲೆ ಸಿಗುವುದಿಲ್ಲ.

ಹೊಟ್ಟು, ಸಿಪ್ಪೆ, ಕಟ್ಟಿಗೆ

ಬೆಳೆಯ ಉಳಿಕೆಗಳ ಲೆಕ್ಕದಲ್ಲಿ ಆಗುವ ದೊಡ್ಡ ತಪ್ಪು, ಬಿದ್ದಿರುವುದೆಲ್ಲ ಕಸ ಎಂದುಕೊಳ್ಳುವುದು. ಒಂದು ಕ್ವಿಂಟಲ್ ಭತ್ತಕ್ಕೆ ಸುಮಾರು 20 ಕಿಲೋ ಹೊಟ್ಟು ಬರುತ್ತದೆ ಎಂಬುದು ಸರಿ. ಆದರೆ ಗಂಗಾವತಿ, ಸಿಂಧನೂರಿನ ಕಡೆಯ ಗಿರಣಿಗಳಲ್ಲಿ ಭತ್ತ ಕುದಿಸುವ ಬಾಯ್ಲರಿಗೆ ಅದೇ ಉರುವಲು. ಕಲಬುರಗಿಯ ತೊಗರಿ ಕಟ್ಟಿಗೆ ಎಷ್ಟೋ ಮನೆಗಳ ಒಲೆ ಉರಿಸುತ್ತದೆ, ರಾಗಿ ಹುಲ್ಲು ದನದ ಬಾಯಿಗೆ, ಅಡಿಕೆ ಸೋಗೆ ತೋಟದ ಬುಡಕ್ಕೆ ಮತ್ತು ಕೊಟ್ಟಿಗೆಗೆ ಹೋಗುತ್ತದೆ. ಇವೆಲ್ಲವನ್ನೂ ಕಳೆದು ಉಳಿದದ್ದನ್ನಷ್ಟೇ ಎಣಿಸಬೇಕು. ಕಟ್ಟಿಗೆಯನ್ನು ಅರೆಬರೆ ಉರಿಸಿ ಅನಿಲವಾಗಿಸುವ ಅನಿಲೀಕರಣ ಯಂತ್ರದಲ್ಲಿ ಒಂದು ಯೂನಿಟ್ಟಿಗೆ ಒಂದರಿಂದ ಒಂದೂವರೆ ಕಿಲೋ ಒಣ ಕಟ್ಟಿಗೆ ಬೇಕು. ಹಸಿಯಾಗಿದ್ದರೆ ತೂಕ ಹೆಚ್ಚು, ಶಕ್ತಿ ಕಡಿಮೆ. ಸ್ಥಾವರ ಬಂದ ಮೇಲೆ ಉಳಿಕೆಗೆ ಬೆಲೆ ಬಂದು, ಪುಕ್ಕಟೆಯಾಗಿ ಕಟ್ಟಿಗೆ ಆರಿಸಿಕೊಳ್ಳುತ್ತಿದ್ದ ಬಡ ಹೆಂಗಸರ ಒಲೆ ಆರುವ ಸಾಧ್ಯತೆಯನ್ನೂ ಅಂದಾಜು ಪಟ್ಟಿಯಲ್ಲಿ ಬರೆಯಬೇಕು. ನನ್ನ ಮಟ್ಟಿಗೆ ಅದನ್ನು ಬಿಟ್ಟ ವರದಿ ಅಪೂರ್ಣ.

ಒಟ್ಟಿಗೆ ಇಟ್ಟು ನೋಡಿದಾಗ

ನಾಲ್ಕನ್ನೂ ಬೇರೆ ಬೇರೆಯಾಗಿ ಅಳೆದ ಮೇಲೆ ಹನ್ನೆರಡು ತಿಂಗಳ ಒಂದೇ ಹಾಳೆಯಲ್ಲಿ ಬರೆದರೆ ನಮ್ಮ ನಾಡಿನ ಅದೃಷ್ಟ ಕಾಣುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬಿಸಿಲು ತುಂಬಿರುತ್ತದೆ, ಝರಿ ಬತ್ತಿರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದು ಘಟ್ಟದ ಊರುಗಳಲ್ಲಿ ಸೌರಫಲಕದ ಉತ್ಪಾದನೆ ಬೇಸಿಗೆಯ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಅದೇ ತಿಂಗಳುಗಳಲ್ಲಿ ಮಲೆನಾಡಿನ ಹಳ್ಳ ಉಕ್ಕುತ್ತದೆ, ಬಯಲುಸೀಮೆಯ ಗುಡ್ಡಗಳಲ್ಲಿ ಗಾಳಿ ಭೋರ್ಗರೆಯುತ್ತದೆ. ಆಗಸ್ಟಿನಲ್ಲಿ 17 ಯೂನಿಟ್ ಕೊಡುವ ಮೇಲಿನ ಝರಿ ಏಪ್ರಿಲ್‌ನಲ್ಲಿ ಎರಡು ಯೂನಿಟ್ಟಿಗೂ ಬಾರದು. ಆದರೆ ಆ ಮನೆಗಳ ಮೇಲೆ ಮೂರು ಕಿಲೋವ್ಯಾಟ್ ಫಲಕವಿದ್ದರೆ ಏಪ್ರಿಲ್ ದಾಟುತ್ತದೆ. ಒಂದೊಂದರ ಬಡ ತಿಂಗಳು ಇನ್ನೊಂದರ ಸುಗ್ಗಿ. ನಿಜವಾದ ಕೊರತೆ ಕಾಣುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಗಾಳಿ ಬಿದ್ದಿರುತ್ತದೆ, ಹಿಂಗಾರಿನ ಮೋಡ ಬಿಸಿಲಿಗೆ ಅಡ್ಡ ಬರುತ್ತದೆ. ಬ್ಯಾಟರಿಯನ್ನೋ ಗ್ರಿಡ್ಡಿನ ಆಸರೆಯನ್ನೋ ಎಷ್ಟು ಇಟ್ಟುಕೊಳ್ಳಬೇಕು ಎಂಬುದನ್ನು ಆ ತಿಂಗಳುಗಳಿಗೆ ಹೊಂದಿಸಿ ತೀರ್ಮಾನಿಸಬೇಕು.

ಮಾರುವುದಕ್ಕಾಗಿ ಉತ್ಪಾದಿಸುವವರಿಗೆ ಬೇರೆ ಎರಡು ಅಳತೆಗಳಿವೆ. ಒಂದು, ಹತ್ತಿರದ ಸಬ್‌ಸ್ಟೇಷನ್ ಎಷ್ಟು ದೂರ, ಅಲ್ಲಿನ ಟ್ರಾನ್ಸ್‌ಫಾರ್ಮರ್ ಇನ್ನೆಷ್ಟು ಹೊರಬಲ್ಲದು ಎಂಬುದು. 2019ರಲ್ಲಿ ಬಂದ ಪಿಎಂ-ಕುಸುಮ್ ಯೋಜನೆಯಲ್ಲಿ ರೈತರ ಜಮೀನಿನ ಸಣ್ಣ ಸೌರ ಸ್ಥಾವರಗಳು ಸಬ್‌ಸ್ಟೇಷನ್ನಿನಿಂದ ಆದಷ್ಟು ಐದು ಕಿಲೋಮೀಟರ್ ಒಳಗಿರಬೇಕು ಎಂದು ಹೇಳಿರುವುದು ಈ ಕಾರಣಕ್ಕೆ. ತಂತಿ ಉದ್ದವಾದಷ್ಟೂ ಖರ್ಚೂ ನಷ್ಟವೂ ಬೆಳೆಯುತ್ತವೆ.

ಇನ್ನೊಂದು ನೆಲ. ಒಂದು ಮೆಗಾವ್ಯಾಟ್ ಸೌರ ಸ್ಥಾವರಕ್ಕೆ ನಾಲ್ಕೈದು ಎಕರೆ ಬೇಕು. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಎದ್ದಾಗ ಜಮೀನನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಮಳೆಯಿಲ್ಲದ ಸೀಮೆಯ ಭೂಮಾಲೀಕರಿಗೆ ಅದು ಖಚಿತ ಆದಾಯವಾಯಿತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಅಲ್ಲಿ ಕುರಿ ಮೇಯಿಸುತ್ತಿದ್ದ ಜಮೀನಿಲ್ಲದವರಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. ಉಪಗ್ರಹದ ನಕ್ಷೆಯಲ್ಲಿ ಬಂಜರು ಎಂದು ಬಣ್ಣ ಬಳಿದಿರುವ ಜಾಗ ಊರಿನವರ ಬಾಯಲ್ಲಿ ಗೋಮಾಳ, ಕಾವಲು, ಹುಲ್ಲುಗಾವಲು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳು ದನಕರುಗಳ ಜೊತೆಗೆ ಎಷ್ಟೋ ಹಕ್ಕಿ, ಮೃಗಗಳ ಮನೆ. ಗಾಳಿಗೆ ಹೆಸರಾದ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಆದ್ದರಿಂದ ನಕ್ಷೆಯ ಮೇಲೆ ಗುರುತು ಹಾಕಿದ ಜಾಗಕ್ಕೆ ಎರಡು ಬಾರಿಯಾದರೂ, ಮಳೆಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ, ನಡೆದುಹೋಗಿ ಅಲ್ಲಿ ಯಾರು ದನ ಕುರಿ ಮೇಯಿಸುತ್ತಾರೆ, ಎಲ್ಲಿಂದ ನೀರು ಹರಿದು ಯಾವ ಕೆರೆಗೆ ಸೇರುತ್ತದೆ ಎಂದು ಕೇಳಿ ಬರೆದುಕೊಳ್ಳಬೇಕು. ಗ್ರಾಮಸಭೆಯ ಮುಂದೆ ಆ ಪಟ್ಟಿಯನ್ನೂ ಹನ್ನೆರಡು ತಿಂಗಳ ಹಾಳೆಯನ್ನೂ ಒಟ್ಟಿಗೆ ಇಟ್ಟ ಮೇಲೆ ಎಷ್ಟು ಮೆಗಾವ್ಯಾಟ್ ಎಂಬ ಮಾತು ಎತ್ತಬಹುದು.